ಹಣ್ಣಿನ ಪಫ್ಫಿನಲ್ಲಿ ಕಾಣೆಯಾದ ಮೂವತ್ತಮೂರು ಗ್ರಾಂ

ಎಲ್ಲಾ ರಾದ್ಧಾಂತ ಶುರುವಾದದ್ದು ಬೆಂಕಿಪೊಟ್ಟಣದಷ್ಟಗಲದ ಒಂದು ಚೀಟಿಯಿಂದ. ಆ ಚೀಟಿಯ ಮೇಲೆ ಐದೇ ಐದು ಸಾಲು ಬರೆಯಬೇಕಿತ್ತು. ಒಂದು ಹಣ್ಣಿನ ಪಫ್ಫಿನಲ್ಲಿ ಕ್ಯಾಲೊರಿ ಎಷ್ಟು, ಕೊಬ್ಬು ಎಷ್ಟು, ಸಕ್ಕರೆ ಎಷ್ಟು, ನಾರು ಎಷ್ಟು, ಪ್ರೋಟೀನ್ ಎಷ್ಟು. ಬೇಕರಿಯ ಪ್ಯಾಕಿಂಗ್ ಮೇಜಿನ ಮುಂದೆ ಹನ್ನೊಂದು ವರ್ಷ ನಿಂತುಕೊಂಡೇ ಪಫ್ ಕಟ್ಟಿದ ಭಾಗಾಕಾರನ ಹಣೆಗೆ ಆ ಐದು ಸಾಲು ಬಂದು ಅಂಟಿಕೊಂಡವು.

ಭಾಗಾಕಾರ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಡೀ ಬೇಕರಿಯಲ್ಲಿ ದೊಡ್ಡ ಸಂಖ್ಯೆಯನ್ನು ಸಣ್ಣ ಸಂಖ್ಯೆಯಿಂದ ಭಾಗಿಸಿ, ಶೇಷ ಎಷ್ಟು ಉಳಿಯಿತು ಅಂತ ಹೇಳಬಲ್ಲವನು ಅವನೊಬ್ಬನೇ. ಉಳಿದವರಿಗೆ ಕೂಡುವುದು ಬರುತ್ತಿತ್ತು, ಕಳೆಯುವುದು ಇನ್ನೂ ಚೆನ್ನಾಗಿ ಬರುತ್ತಿತ್ತು. ಅದು ಎಷ್ಟು ಚೆನ್ನಾಗಿ ಅನ್ನುವುದೇ ಈ ಕತೆ.

ಅವತ್ತು ಬೆಳಿಗ್ಗೆ ಭಾಗಾಕಾರ ಕೆಲಸಕ್ಕೆ ಬಂದದ್ದೇ ಕಂಕುಳಲ್ಲಿ ಒಂದು ದಿಂಬು ಇಟ್ಟುಕೊಂಡು. ಕೂರುವ ದಿಂಬು. ಹಳೇ ಪರದೆ ಹರಿದು, ಹತ್ತಿ ತುಂಬಿ, ಹೆಂಡತಿ ಎರಡು ದಿನ ಕೂತು ಹೊಲಿದದ್ದು. ಕಾರಣ ಇತ್ತು. ಹೊರಗೆ ಗಲ್ಲಾದ ಮೇಲೆ ಕೂರುತ್ತಿದ್ದ ಯಜಮಾನನ ಭಾವಮೈದ ಹಿಂದಿನ ದಿನವಷ್ಟೇ ಕೆಲಸ ಬಿಟ್ಟು ಸ್ವಂತ ಅಂಗಡಿ ಇಡಲು ಹೋಗಿದ್ದ. ಗಲ್ಲಾದ ಕುರ್ಚಿ ಖಾಲಿ. ಕೈ ಇಡುವ ಕುರ್ಚಿ, ಫ್ಯಾನಿನ ಕೆಳಗಿನ ಕುರ್ಚಿ, ಆನೆ ಕೂತರೂ ಕಿರ್ ಅನ್ನದ ಹಳೇ ಮರದ ಕುರ್ಚಿ.

"ಈ ಸಲ ನೀವು ಬಾಯಿ ಬಿಟ್ಟು ಕೇಳ್ಬೇಕು ರೀ" ಅಂದಿದ್ದಳು ಹೆಂಡತಿ. "ನಿಮ್ಮ ಕಾಲು ನೋಡಿ. ಸಂಜೆ ಹೊತ್ತಿಗೆ ನರ ಎಲ್ಲಾ ಎದ್ದು ಊರಿನ ನಕ್ಷೆ ಥರ ಕಾಣುತ್ತೆ. ಪಕ್ಕದ ಮನೆಯೋರಿಗೆ ಆಗ್ಲೇ ಹೇಳಿದೀನಿ, ಇನ್ಮೇಲೆ ನಮ್ಮನೆಯೋರು ಕೂತು ಮಾಡೋ ಕೆಲಸ ಅಂತ."

ಪಕ್ಕದ ಮನೆಗೆ ಹೇಳಿದ ಮೇಲೆ ಮುಗಿಯಿತು. ಇನ್ನು ಕುರ್ಚಿ ಸಿಗದಿದ್ದರೆ ಬಾಡಿಗೆ ಮನೆಯನ್ನೇ ಬದಲಾಯಿಸಬೇಕು.

ಕೇಳುವ ಕಷ್ಟ ಬರಲಿಲ್ಲ. ಯಜಮಾನನೇ ಒಳಗೆ ಬಂದ. ಕೈಯಲ್ಲಿ ಒಂದು ದಪ್ಪ ಪುಸ್ತಕ.

"ನೋಡಪ್ಪಾ, ದೊಡ್ಡಾಸ್ಪತ್ರೆ ಕ್ಯಾಂಟೀನಿನವರು ದಿನಾ ಇನ್ನೂರು ಹಣ್ಣಿನ ಪಫ್ ಬೇಕು ಅಂತಿದಾರೆ. ಆದ್ರೆ ಅದರೊಳಗೆ ಏನೇನು ಸತ್ವ ಇದೆ ಅಂತ ಚೀಟಿ ಅಂಟಿಸ್ಬೇಕಂತೆ. ಸಂಜೆ ಐದಕ್ಕೆ ಅಲ್ಲಿಂದ ಪಥ್ಯದ ಮೇಡಂ ಬರ್ತಾರೆ. ಈ ಪುಸ್ತಕದಲ್ಲಿ ಎಲ್ಲಾ ಬರೆದಿದೆ, ನೂರು ಗ್ರಾಂ ಮೈದಾದಲ್ಲಿ ಎಷ್ಟು, ಬೆಣ್ಣೇಲಿ ಎಷ್ಟು ಅಂತ. ನೀನು ಭಾಗಿಸಿ ಕೊಡು. ಮೇಡಂ ಒಪ್ಪಿದ್ರೆ," ಯಜಮಾನ ಹೊರಗಿನ ಕಡೆ ಬೆರಳು ತೋರಿಸಿದ, "ಆ ಕುರ್ಚಿ ನಿನ್ನದು."

ಭಾಗಾಕಾರನ ಮೊಣಕಾಲು ಆ ಕ್ಷಣದಲ್ಲೇ ಸ್ವಲ್ಪ ಮಡಚಿಕೊಂಡಿತು, ಅಭ್ಯಾಸ ಮಾಡಿಕೊಳ್ಳುವಂತೆ.

ಪಫ್ಫಿನ ಅಳತೆ ಗೋಡೆಯ ಮೇಲಿತ್ತು. ಮೂವತ್ತು ವರ್ಷದ ಹಿಂದೆ ಯಜಮಾನನ ಅಪ್ಪ ಹೊಗೆ ಹಿಡಿದು ಕಪ್ಪಾದ ಗೋಡೆಗೆ ಸೀಮೆಸುಣ್ಣದಲ್ಲಿ ತಾನೇ ಬರೆದದ್ದು. ಸವೆದಾಗೆಲ್ಲ ಯಾರಾದರೂ ಅದರ ಮೇಲೇ ಮತ್ತೆ ತೀಡುತ್ತಿದ್ದರು. ಒಂದು ಪಫ್ಫಿಗೆ ಮೈದಾ ಮೂವತ್ತೆಂಟು ಗ್ರಾಂ, ಬೆಣ್ಣೆ ಇಪ್ಪತ್ತನಾಲ್ಕು, ಸಕ್ಕರೆ ಹತ್ತು, ಸೇಬು ಮೂವತ್ತೆಂಟು. ಒಟ್ಟು ನೂರಹತ್ತು. ಭಟ್ಟಿಯಲ್ಲಿ ಹದಿನೈದು ಗ್ರಾಂ ನೀರು ಆವಿಯಾಗುತ್ತದೆ. ಬೆಂದ ಪಫ್ ತೊಂಬತ್ತೈದು ತೂಗಬೇಕು.

ಬೇರೆ ಯಾರಾದರೂ ಆಗಿದ್ದರೆ ಗೋಡೆ ನೋಡಿ ಬರೆದು, ಪುಸ್ತಕ ಮುಚ್ಚಿ, ಟೀ ಕುಡಿಯುತ್ತಿದ್ದರು. ಲೆಕ್ಕ ಬಂದವನಿಗೆ ಒಂದು ಕಾಯಿಲೆ ಇರುತ್ತದೆ, ಉತ್ತರವನ್ನು ತಾಳೆ ನೋಡುವ ಕಾಯಿಲೆ. ಭಾಗಾಕಾರ ಒಂದು ಬೆಂದ ಪಫ್ ತಂದು ತನ್ನ ಮೇಜಿನ ಮೇಲಿನ ತೂಕದ ಯಂತ್ರಕ್ಕೆ ಇಟ್ಟ.

ಮೇಜಿನ ಪಕ್ಕದಲ್ಲೇ ಹಿಟ್ಟು ಕಲಸುವ ಯಂತ್ರ. ಅದು ತಿರುಗಿದರೆ ಮೇಜು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ತೂಕದ ಯಂತ್ರದ ಅಂಕಿಗಳು ನಲವತ್ತು ಅಂದವು, ತೊಂಬತ್ತು ಅಂದವು, ಒಮ್ಮೆ ಸೊನ್ನೆಗಿಂತ ಕೆಳಗೂ ಹೋಗಿ ಬಂದವು. ನೆಲದ ಮೇಲಿಟ್ಟ, ನೆಲವೂ ನಡುಗುತ್ತಿತ್ತು. ಕೊನೆಗೆ ಯಂತ್ರವನ್ನು ಎತ್ತಿಕೊಂಡು ಹೊರಗೆ ಹೋಗಿ, ಖಾಲಿ ಇದ್ದ ಗಲ್ಲಾದ ಕುರ್ಚಿಯ ಮೇಲಿಟ್ಟು, ತಾನು ಅದರ ಮುಂದೆ ಮೊಣಕಾಲೂರಿ ಕೂತ. ಅಂಕಿಗಳು ಗಪ್ಪಾಗಿ ನಿಂತವು. ಕುರ್ಚಿ ಅಂದರೆ ಅಂಥ ಕುರ್ಚಿ.

"ಏನಪ್ಪಾ, ಇನ್ನೂ ಕೂತೇ ಇಲ್ಲ, ಆಗ್ಲೇ ಕುರ್ಚಿಗೆ ಕೈ ಮುಗೀತಿದೀಯ?" ಅಂದ ಯಜಮಾನ.

"ಇದರ ಮೇಲೆ ತೂಕ ಅಲ್ಲಾಡಲ್ಲ ಯಜಮಾನ್ರೇ."

"ಹೌದಾ," ಅಂದ ಯಜಮಾನ, ಗಮನವಿಟ್ಟು ನೋಡಿದ.

ತೂಕ ಅರವತ್ತೆರಡು ಗ್ರಾಂ.

ಇನ್ನೊಂದು ಪಫ್ ಇಟ್ಟ. ಅರವತ್ತೆರಡು. ಮೂರನೆಯದು ಅರವತ್ತೊಂದು. ಮೂವತ್ತಮೂರು ಗ್ರಾಂ ಎಲ್ಲಿ ಹೋಯಿತು? ಭಾಗಾಕಾರ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಬಚ್ಚಲಿನಲ್ಲಿ ಉಂಗುರ ಕಳೆದುಕೊಂಡವನ ಹಾಗೆ ಒಳಗೆ ಹುಡುಕಲು ಹೊರಟ.

ಮೊದಲು ಸಿಕ್ಕವನು ಹಿಟ್ಟಿನ ಮೇಸ್ತ್ರಿ. ಹಿಟ್ಟು ಲಟ್ಟಿಸಿ, ಬೆಣ್ಣೆ ಹಚ್ಚಿ, ಮಡಚಿ, ಮತ್ತೆ ಲಟ್ಟಿಸಿ ಪದರ ಮಾಡುವುದು ಅವನ ಕೆಲಸ. ತೋಳು ನೋಡಿದರೆ ಎತ್ತಿನ ಕುತ್ತಿಗೆ.

"ಮೇಸ್ತ್ರೀ, ಇವತ್ತಿನ ನಲವತ್ತು ಪಫ್ಫಿಗೆ ಬೆಣ್ಣೆ ಎಷ್ಟು ಹಾಕಿದ್ರಿ?"

"ಗೋಡೆ ಮೇಲೆ ಇದ್ಯಲ್ಲ, ಅಷ್ಟೇ."

"ಗೋಡೆ ಪ್ರಕಾರ ಒಂಬೈನೂರ ಅರವತ್ತು ಗ್ರಾಂ ಆಗ್ಬೇಕು. ಡಬ್ಬದಿಂದ ಖರ್ಚಾಗಿರೋದೂ ಅಷ್ಟೇ. ಹಿಟ್ಟು ತೂಗಿ ನೋಡಿದೆ, ಒಳಗೆ ಅದರ ಅರ್ಧ ಇದೆ."

ಮೇಸ್ತ್ರಿ ಲಟ್ಟಣಿಗೆ ಕೆಳಗಿಟ್ಟ. "ನೋಡು, ನಿನಗೆ ಮಾತ್ರ ಹೇಳ್ತೀನಿ. ನಮ್ಮತ್ತೆ ಬಂದು ಮನೇಲಿ ಕೂತಿದಾರೆ. ಬೆಣ್ಣೆ ಇಲ್ದೆ ರೊಟ್ಟಿ ಮುಟ್ಟಲ್ಲ. ಬಾಯಲ್ಲಿ ರೊಟ್ಟಿ ಇಲ್ಲ ಅಂದ್ರೆ ಮಾತಾಡ್ತಾರೆ. ಅವರ ಮಾತು ನೀನು ಕೇಳಿಲ್ಲ."

"ಒಬ್ಬ ಅತ್ತೆಗೆ ದಿನಾ ಅರ್ಧ ಕಿಲೋ ಬೆಣ್ಣೆಯಾ?"

"ಜೊತೇಲಿ ಅವರ ತಂಗೀರು ಇಬ್ಬರು ಇದಾರೆ."

ಭಾಗಾಕಾರ ಬರೆದುಕೊಂಡ: ಬೆಣ್ಣೆ, ಹನ್ನೆರಡು ಗ್ರಾಂ. ಮೈದಾ ಮಾತ್ರ ಸರಿಯಾಗಿತ್ತು. ಹಸಿ ಮೈದಾ ತಿನ್ನುವ ನೆಂಟರು ಮೇಸ್ತ್ರಿಗೆ ಇನ್ನೂ ಹುಟ್ಟಿರಲಿಲ್ಲ.

ಮುಂದೆ ಹೂರಣದಕ್ಕ. ಪಫ್ಫಿನ ಹೊಟ್ಟೆಗೆ ತುಂಬುವ ಸೇಬಿನ ಹೂರಣ ಕುದಿಸುವವಳು. ಪಾತ್ರೆಗೆ ಸೌಟು ಹಾಕಿದರೆ ಬಂದ ಹೋಳುಗಳ ಬಣ್ಣ ಸೇಬಿನದಲ್ಲ.

"ಅಕ್ಕಾ, ಇದು ಸಿಹಿಗುಂಬಳ."

"ಕುಂಬಳ ಅಂದ್ರೆ ಏನು ವಿಷವಾ? ನಮ್ಮ ಹಿತ್ತಲಿನ ಬಳ್ಳೀದು. ನಾನೇ ಹೊತ್ತು ತರ್ತೀನಿ, ಯಾರಾದ್ರೂ ಒಂದಿನ ಥ್ಯಾಂಕ್ಸ್ ಅಂದಿದೀರಾ?"

"ಸೇಬು ಎಲ್ಲಿ ಹೋಯ್ತು?"

ಹೂರಣದಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ತಂಗಿ ಬಸುರಿ ಕಣೋ. ದಿನಾ ಸೇಬು ತಿನ್ಬೇಕು ಅಂತ ಡಾಕ್ಟರು ಹೇಳಿದಾರೆ."

"ಬಸುರಿ ಅಂತ ನಾನು ಕೆಲಸಕ್ಕೆ ಸೇರಿದಾಗಲೂ ನೀನೇ ಹೇಳಿದ್ದೆ."

"ಅದು ಮೊದಲನೇದು. ಇದು ಐದನೇದು. ನಾಲ್ಕೂ ಮಕ್ಕಳು ನೋಡು, ಕೆನ್ನೆ ಹೇಗಿದೆ ಅಂತ. ಅವೆಲ್ಲಾ ಈ ಪಾತ್ರೆಯಿಂದ ಬೆಳೆದ ಕೆನ್ನೆ. ನಿನಗೆ ಹೆಮ್ಮೆ ಆಗ್ಬೇಕು."

ಬರೆದುಕೊಂಡ: ಸೇಬು ಹನ್ನೆರಡು, ಕುಂಬಳ ಎಂಟು.

ಸಕ್ಕರೆಯ ಹುಡುಕಾಟ ಭಟ್ಟಿ ಮಾವನ ಟೀ ಲೋಟದಲ್ಲಿ ಮುಗಿಯಿತು. ಭಟ್ಟಿ ಮಾವ ಅಲ್ಲಿ ಎಲ್ಲರಿಗಿಂತ ಹಿರಿಯ. ಭಟ್ಟಿಗೆ ತಳ್ಳುವ ಮೊದಲು ಪಫ್ಫಿನ ಬೆನ್ನಿಗೆ ಸಕ್ಕರೆ ಉದುರಿಸುವುದು ಅವನ ಜವಾಬ್ದಾರಿ. ಬೆಂಕಿಯ ಮುಂದೆ ನಿಂತವನಿಗೆ ದಿನಕ್ಕೆ ಹದಿನಾಲ್ಕು ಲೋಟ ಟೀ ಬೇಕು, ಟೀ ಪಾಯಸದ ಹಾಗಿರಬೇಕು.

"ಬೆವರಲ್ಲಿ ಹೋಗೋದನ್ನ ಟೀಲಿ ತುಂಬ್ಕೋತೀನಿ," ಅಂದ ಮಾವ. "ಇದು ಕಳ್ಳತನ ಅಲ್ಲ, ರಿಪೇರಿ."

ಸಕ್ಕರೆ ಐದು. ಭಾಗಾಕಾರ ಕೂಡಿದ. ಹಸಿಯಲ್ಲಿ ಮೂವತ್ತೈದು ಗ್ರಾಂ ಪತ್ತೆಯಾಗಿತ್ತು, ಅಂದರೆ ಕಳೆದದ್ದಕ್ಕಿಂತ ಎರಡು ಗ್ರಾಂ ಹೆಚ್ಚೇ. ಆ ಎರಡು ಆವಿಯ ಲೆಕ್ಕ. ಪುಸ್ತಕ ತೆರೆದ, ಗುಣಿಸಿದ, ಭಾಗಿಸಿದ. ಒಂದು ಪಫ್ಫಿಗೆ ಇನ್ನೂರ ನಲವತ್ತೆಂಟು ಕ್ಯಾಲೊರಿ. ಐದೂ ಸಾಲು ದುಂಡಗೆ ಬರೆದು, ಕೆಳಗೆ ಗೆರೆ ಎಳೆದ. ಜೀವಮಾನದಲ್ಲಿ ಅವನು ಅಷ್ಟು ಸತ್ಯವಾದ ಕಾಗದ ಬರೆದಿರಲಿಲ್ಲ.

ಸತ್ಯವಾದ ಕಾಗದದ ಆಯಸ್ಸು ಹತ್ತು ನಿಮಿಷ. ಟೀ ಹೊತ್ತಿಗೆ ಮೂವರೂ ಅವನ ಮೇಜಿನ ಸುತ್ತ ನಿಂತಿದ್ದರು.

"ಎಷ್ಟು ಬಂತು?" ಅಂದ ಮೇಸ್ತ್ರಿ.

"ಇನ್ನೂರ ನಲವತ್ತೆಂಟು."

"ಗೋಡೆ ಪ್ರಕಾರ ಮಾಡಿದ್ದಿದ್ರೆ?"

"ಮುನ್ನೂರ ಅರವತ್ತೇಳು."

ಮೂವರೂ ಮುಖ ಮುಖ ನೋಡಿಕೊಂಡರು. ಹೂರಣದಕ್ಕ ಮೆಲ್ಲಗೆ ಅಂದಳು, "ಅಂದ್ರೆ ನಾವು ಫೇಲ್."

ಆ ನಾಲ್ವರಲ್ಲಿ ಒಬ್ಬರಿಗೂ ಅದರಲ್ಲಿ ಅನುಮಾನವಿರಲಿಲ್ಲ. ಅವರಿಗೆ ಗೊತ್ತಿದ್ದ ಅಂಕಿಗಳೆಲ್ಲ ಶಾಲೆಯವು. ಅಲ್ಲಿ ಹೆಚ್ಚು ಬಂದವನು ಜಾಣ, ಕಮ್ಮಿ ಬಂದವನು ಬೆಂಚಿನ ಮೇಲೆ. ಸತ್ವ ಅಂದರೂ ಹಾಗೇ ಅಲ್ಲವಾ? ಮುನ್ನೂರ ಅರವತ್ತೇಳು ತೆಗೆದುಕೊಂಡ ಪಫ್ ಎಲ್ಲಿ, ಇನ್ನೂರ ನಲವತ್ತೆಂಟಕ್ಕೆ ಬಿದ್ದ ಪಫ್ ಎಲ್ಲಿ. ಆಸ್ಪತ್ರೆಯವರು ರೋಗಿಗೆ ಫೇಲಾದ ಪಫ್ ಕೊಡುತ್ತಾರಾ?

"ಗೋಡೆದೇ ಬರಿ," ಅಂದ ಭಟ್ಟಿ ಮಾವ.

"ಸುಳ್ಳಾಗುತ್ತೆ ಮಾವ."

"ಸುಳ್ಳಾ," ಅಂದಳು ಹೂರಣದಕ್ಕ. ಮೇಜಿನ ಕೆಳಗೆ ಬಗ್ಗಿ ಅವನ ಟಿಫಿನ್ ಡಬ್ಬಿ ಎತ್ತಿ ಮೇಲಿಟ್ಟಳು. ಮುಚ್ಚಳ ತೆಗೆಯಲಿಲ್ಲ, ಬೆರಳಿನಿಂದ ಟಕಟಕ ಬಡಿದಳು. "ದಿನಾ ನಿನ್ನ ಪ್ಯಾಕಿಂಗ್ ಪುಸ್ತಕದಲ್ಲಿ 'ಮುರಿದದ್ದು ಎರಡು' ಅಂತ ಬರೀತೀಯಲ್ಲ, ಅವು ತಾವಾಗಿ ಮುರೀತಾವಾ, ಯಾರಾದ್ರೂ ಮುರೀತಾರಾ?"

ಭಾಗಾಕಾರ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ದಿನಾ ಎರಡು ಪಫ್ಫಿನ ಮೂಲೆಯನ್ನು ಹೆಬ್ಬೆರಳಿನಿಂದ ಮೃದುವಾಗಿ ಒತ್ತುವುದು ಅವನೇ. ಮುರಿದದ್ದು ಮಾರುವ ಹಾಗಿಲ್ಲ, ಮನೆಗೆ ಒಯ್ಯಬಹುದು. ಹೆಂಡತಿಗೆ ಇಷ್ಟ. ಹನ್ನೊಂದು ವರ್ಷ ಸಂಸಾರ ಒಂದೂ ದೊಡ್ಡ ಜಗಳವಿಲ್ಲದೆ ನಡೆದದ್ದರಲ್ಲಿ ಆ ಹೆಬ್ಬೆರಳಿನ ಪಾಲೂ ಇತ್ತು.

"ಗೋಡೆ ಸುಂದರವಾಗಿದೆ," ಅಂದ ಅವನು. ಮೊದಲ ಕಾಗದ ಮಡಚಿ ಅಂಗಿಯ ಜೇಬಿಗೆ ಹಾಕಿದ. ಹೊಸ ಕಾಗದದ ತಲೆಗೆ ತೂಕ ತೊಂಬತ್ತೈದು ಗ್ರಾಂ ಅಂತ ಹಾಕಿ, ಕೆಳಗೆ ಮುನ್ನೂರ ಅರವತ್ತೇಳು ಬರೆದ.

ಯಜಮಾನನಿಗೆ ಖುಷಿಯೋ ಖುಷಿ. ಅವನಿಗೂ ಕ್ಯಾಲೊರಿ ಅಂದರೆ ಮಾರ್ಕ್ಸೇ. ಸಕ್ಕರೆ ಕಾಯಿಲೆಯಿಂದಾಗಿ ತನ್ನ ಅಂಗಡಿಯ ಪಫ್ ಬಾಯಿಗಿಟ್ಟು ಒಂಬತ್ತು ವರ್ಷವಾಗಿತ್ತು. ದುಡಿಯುವವನು ಏನು ಮಾಡುತ್ತಾನೆ ಅಂತ ರುಚಿ ನೋಡದೆ ಬಾಳುವ ಯಜಮಾನರು ಬೇಕರಿಯಲ್ಲಿ ಮಾತ್ರ ಇದ್ದಾರೆ ಅಂತ ತಿಳಿಯಬೇಡಿ. "ಮುನ್ನೂರ ಅರವತ್ತೇಳು. ಅಪ್ಪನ ಕೈ ಅಂದ್ರೆ ಅಪ್ಪನ ಕೈ. ಮೇಡಂಗೆ ಆರು ಪಫ್ ಬಿಸಿಯಾಗಿ ರೆಡಿ ಇರಲಿ. ಅವರು ತಮ್ಮದೇ ತೂಕದ ಯಂತ್ರ ತರ್ತಾರಂತೆ, ಚೀಟೀಲಿ ಇದ್ದಷ್ಟೇ ತೂಗ್ಬೇಕಂತೆ."

ಹೇಳಿ ಹೋದ. ಒಳಗೆ ನಾಲ್ವರೂ ಗಡಿಯಾರ ನೋಡಿದರು.

ಗಂಟೆ ಮೂರು. ಈಗ ಗೋಡೆಯ ಪ್ರಕಾರ ಆರು ಪಫ್ ಮಾಡಲೇಬೇಕು, ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ಆದರೆ ಅವತ್ತಿನ ಸಾಮಾನೆಲ್ಲ ಆಗಲೇ ಹಂಚಿಹೋಗಿತ್ತು. ಮೊದಲು ಮೇಸ್ತ್ರಿ ತನ್ನ ಡಬ್ಬಿಯಿಂದ ಎಲೆಯಲ್ಲಿ ಸುತ್ತಿದ ಬೆಣ್ಣೆಯ ಮುದ್ದೆ ತೆಗೆದು ಮೇಜಿನ ಮೇಲಿಟ್ಟ. ಹೂರಣದಕ್ಕ ಚೀಲದಿಂದ ಎರಡು ಸೇಬು ತೆಗೆದಳು. ಒಂದಕ್ಕೆ ಮುತ್ತಿಟ್ಟು ಇಟ್ಟಳು, ಹೋಗಿಬಾ ಅನ್ನುವ ಹಾಗೆ. ಭಟ್ಟಿ ಮಾವ ಇಟ್ಟಿಗೆಯ ಹಿಂದಿನಿಂದ ಒಂದು ತಗಡಿನ ಡಬ್ಬ ಎಳೆದು ಸಕ್ಕರೆ ಸುರಿದ.

"ಅತ್ತೆ ಇವತ್ತು ರಾತ್ರಿ ಮಾತಾಡ್ತಾರೆ," ಅಂದ ಮೇಸ್ತ್ರಿ, ಲಟ್ಟಿಸುತ್ತಾ.

ಅಭ್ಯಾಸ ತಪ್ಪಿದ ಕೈ. ಇಪ್ಪತ್ತನಾಲ್ಕು ಗ್ರಾಂ ಬೆಣ್ಣೆ ಕಂಡ ಹಿಟ್ಟು ಬಡವನ ಮನೆಗೆ ಶ್ರೀಮಂತ ನೆಂಟ ಬಂದಂತೆ ಗಾಬರಿಯಾಯಿತು, ಎಲ್ಲಿ ಕೂರಿಸಬೇಕು ಅಂತಲೇ ತಿಳಿಯಲಿಲ್ಲ. ಹೂರಣ ತುಂಬಿ ಮಡಚಿದರೆ ಅಂಚು ಕೂಡಲೊಲ್ಲದು. ಭಟ್ಟಿಗೆ ಹಾಕಿದ ಐದನೇ ನಿಮಿಷಕ್ಕೆ ಬೆಣ್ಣೆ ತಟ್ಟೆಯ ತುಂಬ ಹರಿದು ಹೊಗೆ ಎದ್ದಿತು. ಎರಡು ಪಫ್ ಹೊಟ್ಟೆ ಬಿರಿದು ಸೇಬು ಕಕ್ಕಿದವು. ಒಂದು ಅಡಿ ಹತ್ತಿ ಕರಕಲಾಯಿತು. ಉಳಿದದ್ದು ಮೂರು. ಹೊಟ್ಟೆ ಬಿರಿದದ್ದನ್ನು ಮಾವ ರುಚಿ ನೋಡಿದ. ಎರಡು ತುತ್ತಿಗೆ ಮೈದಾ ಮೂಟೆಗೆ ಒರಗಿ ಕೂತ.

"ಮೂವತ್ತು ವರ್ಷದ ಹಿಂದೆ ಜನ ಇದನ್ನ ತಿಂದು ಮತ್ತೆ ನಡೀತಿದ್ರಾ?" ಅಂತ ಕೇಳಿದ.

ಉಳಿದ ಮೂರೂ ತೊಂಬತ್ತೈದು ಗ್ರಾಂ ತೂಗಿದವು. ಅಷ್ಟು ಸಾಕು. ಅಷ್ಟರಲ್ಲಿ ದಿನದ ನಲವತ್ತು ಪಫ್ ಎಂದಿನಂತೆ ಮಾರಿ ಖಾಲಿಯಾಗಿದ್ದವು. ಅಂದರೆ ಮೂವತ್ತೆಂಟು ಮಾರಾಟವಾಗಿದ್ದವು.

ಐದಕ್ಕೆ ಸರಿಯಾಗಿ ಪಥ್ಯದ ಮೇಡಂ ಬಂದರು. ತೆಳ್ಳಗೆ, ನೆಟ್ಟಗೆ, ಕೂದಲು ಬಿಗಿದು ಕಟ್ಟಿದವರು. ಕಣ್ಣು ಮಾತ್ರ ಹಸಿದ ಕಣ್ಣು. ದಿನವಿಡೀ ಬೇರೆಯವರಿಗೆ ತಿನ್ನಬೇಡಿ ಅಂತ ಹೇಳುವವರ ಕಣ್ಣು ಹಾಗಿರುತ್ತದೇನೋ. ಯಜಮಾನ ಅವರನ್ನು ಗಲ್ಲಾದ ಕುರ್ಚಿಯ ಮೇಲೆ ಕೂರಿಸಿದ. ಭಾಗಾಕಾರನ ಎದೆ ಚುರ್ ಅಂದಿತು, ಮನೆ ನೋಡಲು ಹೋದಾಗ ಬೇರೆಯವರು ಒಳಗೆ ಸಾಮಾನಿಡುತ್ತಿರುವುದನ್ನು ಕಂಡಂತೆ.

ಮೇಡಂ ಚೀಟಿ ಓದಿದರು. ಹುಬ್ಬು ಕೂಡಿದವು.

"ಮುನ್ನೂರ ಅರವತ್ತೇಳಾ?"

"ಹೌದು ಮೇಡಂ," ಯಜಮಾನ ಎದೆ ಮುಂದೆ ಮಾಡಿದ. "ಬೇಕಾದ್ರೆ ಇನ್ನೂ ಏರಿಸ್ಬಹುದು. ಒಂದು ನಾನೂರಕ್ಕೆ ತಂದ್ಬಿಡ್ತೀವಿ."

ಮೇಡಂ ಪಫ್ ತೂಗಿದರು, ಚೀಟಿಯಲ್ಲಿದ್ದಷ್ಟೇ ಇತ್ತು. ಒಂದು ಚೂರು ಕಚ್ಚಿದರು. ಬೆಣ್ಣೆ ಗಲ್ಲದವರೆಗೆ ಇಳಿಯಿತು. ಒರೆಸಿಕೊಂಡು ಪಫ್ ಕೆಳಗಿಟ್ಟರು.

"ನೋಡಿ, ನಮ್ಮಲ್ಲಿರೋರು ರೋಗಿಗಳು. ಕೂತಲ್ಲಿಂದ ಏಳದೇ ಇರೋರು. ಇದನ್ನ ತಿಂದ್ರೆ ಅವರು ನಮ್ಮಲ್ಲೇ ಖಾಯಂ ಆಗ್ಬಿಡ್ತಾರೆ. ಒಂದು ಪಫ್ ಇನ್ನೂರೈವತ್ತು ಕ್ಯಾಲೊರಿ ದಾಟಬಾರದು. ಅದೇ ನಮ್ಮ ಮಿತಿ. ಕಮ್ಮಿ ಇದ್ದಷ್ಟೂ ಒಳ್ಳೇದು. ಪಾಪ, ಇಷ್ಟು ಕಷ್ಟಪಟ್ಟಿದೀರಿ." ಚೀಲ ಎತ್ತಿಕೊಂಡು ಎದ್ದರು.

ಕಮ್ಮಿ ಇದ್ದಷ್ಟೂ ಒಳ್ಳೇದು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಮೂರು ತಲೆಗಳು ಒಂದರ ಮೇಲೊಂದು ಸ್ತಬ್ಧವಾದವು. ಭಾಗಾಕಾರ ಕುರ್ಚಿ ನೋಡಿದ. ಮೇಡಂ ಎದ್ದ ಮೇಲೆ ಖಾಲಿಯಾಗಿ, ಕೈ ಚಾಚಿಕೊಂಡು, ಅಳುವ ಮಗುವಿನಂತೆ ಅವನನ್ನೇ ನೋಡುತ್ತಿತ್ತು. ಜೇಬಿನಲ್ಲಿ ಮೊದಲ ಕಾಗದ ಬೆಚ್ಚಗಿತ್ತು. ಆದರೆ ಕಾಗದಕ್ಕೆ ತಾಳೆಯಾಗುವ ಪಫ್ ಇಡೀ ಅಂಗಡಿಯಲ್ಲಿ ಇದ್ದದ್ದು ಒಂದೇ ಕಡೆ.

ಹನ್ನೊಂದು ವರ್ಷದ ಮರ್ಯಾದೆ ತಕ್ಕಡಿಯ ಒಂದು ತಟ್ಟೆಯಲ್ಲಿ, ಕುರ್ಚಿ ಇನ್ನೊಂದರಲ್ಲಿ. ಕಾಲು ತೀರ್ಮಾನ ಮಾಡಿತು.

"ಒಂದು ನಿಮಿಷ ಮೇಡಂ," ಅಂದ. ಒಳಗೆ ಹೋಗಿ ಟಿಫಿನ್ ಡಬ್ಬಿ ತಂದ. ಎಲ್ಲರ ಎದುರು ಮುಚ್ಚಳ ತೆಗೆದ. ಮೂಲೆ ಮುರಿದ ಎರಡು ಪಫ್, ಉದುರಿದ ಮೂಲೆಗಳ ಸಮೇತ, ಅಕ್ಕಪಕ್ಕ ಮಲಗಿದ್ದವು.

ಯಜಮಾನ ಡಬ್ಬಿ ನೋಡಿದ. ಭಾಗಾಕಾರನನ್ನು ನೋಡಿದ. ಮತ್ತೆ ಡಬ್ಬಿ ನೋಡಿದ.

ಮೇಡಂ ಮೂಲೆ ಸೇರಿಸಿ ತೂಗಿದರು. ಅರವತ್ತೆರಡು. ಕಚ್ಚಿದರು. ಕಣ್ಣು ಮುಚ್ಚಿತು. ಇನ್ನೊಮ್ಮೆ ಕಚ್ಚಿದರು. ಮೂರನೆಯ ಸಲ ಕಚ್ಚಿದಾಗ ಅದು ತಪಾಸಣೆ ಅನ್ನಿಸಲಿಲ್ಲ.

"ಇದು ಹಗುರ ಇದೆ. ಇದರೊಳಗೆ ಏನಿದೆ?"

"ಬೆಣ್ಣೆ ಹನ್ನೆರಡು, ಸಕ್ಕರೆ ಐದು, ಸೇಬು ಹನ್ನೆರಡು," ಭಾಗಾಕಾರ ಜೇಬಿನ ಕಾಗದ ಚಾಚಿದ, "ಸಿಹಿಗುಂಬಳ ಎಂಟು. ಕ್ಯಾಲೊರಿ ಒಟ್ಟು ಇನ್ನೂರ ನಲವತ್ತೆಂಟು."

"ಕುಂಬಳ. ಅದಕ್ಕೇ ಈ ಬಣ್ಣ. ನಾರೂ ಬಂತು, ಕಣ್ಣಿಗೂ ಒಳ್ಳೇದು. ಯಾರ ಯೋಚನೆ ಇದು? ಬೆಣ್ಣೆ ಅರ್ಧಕ್ಕೆ ಇಳಿಸಿಯೂ ಪದರ ಉಳಿಸೋದು ಸುಮ್ಮನೆ ಅಲ್ಲ. ಇದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು."

"ವರ್ಷಗಟ್ಟಲೆ ಮಾಡಿದಾರೆ ಮೇಡಂ," ಅಂದ ಭಾಗಾಕಾರ.

ಯಜಮಾನ ವ್ಯಾಪಾರಿ. ಸಿಟ್ಟು ಹಲ್ಲಿನವರೆಗೆ ಬಂದಿತ್ತು, ಅದನ್ನು ಅಲ್ಲೇ ನಗುವಾಗಿ ಮಡಚಿದ. "ಇದು ನಮ್ಮ ಹೊಸದು ಮೇಡಂ. ಲಘು ಪಫ್. ಕೊನೇಲಿ ತೋರಿಸೋಣ ಅಂತ ಇಟ್ಟಿದ್ವಿ."

"ಮುರಿದಿದ್ಯಲ್ಲ?"

"ಒಳಗಿನ ಪದರ ಕಾಣ್ಲಿ ಅಂತ."

ಒಪ್ಪಂದವಾಯಿತು. ದಿನಾ ಇನ್ನೂರು. ಒಂದೇ ಷರತ್ತು. ಪ್ರತಿಯೊಂದು ಪಫ್ ತೂಗಿಯೇ ಕಟ್ಟಬೇಕು. ಅರವತ್ತೆರಡು ಗ್ರಾಂ, ಎರಡು ಗ್ರಾಂ ಆಚೆ ಈಚೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಮೇಡಂ ಹೋಗುವಾಗ ಡಬ್ಬಿಯ ಇನ್ನೊಂದು ಪಫ್ಫನ್ನು ಪರೀಕ್ಷೆಗೆ ಬೇಕು ಅಂತ ಒಯ್ದರು. ಬೀದಿ ದಾಟುವ ಮೊದಲೇ ಪರೀಕ್ಷೆ ಮುಗಿಸಿದ್ದು ಕಿಟಕಿಯಿಂದ ಕಂಡಿತು.

ಯಜಮಾನ ಒಳಗೆ ಬಂದ. ನಾಲ್ವರೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದರು. ಕಲಸುವ ಯಂತ್ರ ಕೂಡ ಆಫ್ ಆಗಿತ್ತು.

"ಈ ಲಘು ಪಫ್ ಯಾವಾಗಿಂದ ಮಾಡ್ತಿದೀರಿ?"

ಭಟ್ಟಿ ಮಾವ ಅಂದ, "ಮಳೆಗಾಲದಿಂದ."

"ಯಾವ ಮಳೆಗಾಲ?"

ಮಾವ ಭಟ್ಟಿಯ ಬೆಂಕಿ ಸರಿಮಾಡಲು ಹೋದ.

ಯಜಮಾನ ಅಪ್ಪನ ಗೋಡೆ ನೋಡಿದ. ನಾಲ್ವರನ್ನೂ ಹೊರಗೆ ಹಾಕಬಹುದಿತ್ತು. ಆದರೆ ನಾಳೆ ಇನ್ನೂರು ಪಫ್ ಬೇಕು. ಬೆಣ್ಣೆ ಅರ್ಧ ಹಾಕಿ ಪದರ ಏಳಿಸುವುದು ಈ ಭೂಮಿಯ ಮೇಲೆ ಈ ಮೇಸ್ತ್ರಿಗೆ ಮಾತ್ರ ಗೊತ್ತು. ಕುಂಬಳವನ್ನು ಸೇಬಿನ ಹಾಗೆ ನಡೆಸುವುದು ಹೂರಣದಕ್ಕನಿಗೆ ಮಾತ್ರ ಗೊತ್ತು. ಯಜಮಾನ ಒದ್ದೆ ಬಟ್ಟೆ ತೆಗೆದುಕೊಂಡು ಅಪ್ಪನ ಅಕ್ಷರವನ್ನೆಲ್ಲ ಗೋಡೆಯಿಂದ ಒರೆಸಿದ. ಸೀಮೆಸುಣ್ಣ ಭಾಗಾಕಾರನ ಕೈಗೆ ಕೊಟ್ಟ.

"ಬರಿ. ಜೇಬಲ್ಲಿದ್ದದ್ದೇ ಬರಿ. ಇನ್ಮೇಲೆ ಇದೇ ಅಳತೆ. ಬೆಣ್ಣೆ, ಸೇಬು, ಸಕ್ಕರೆ ನಾನೇ ತೂಗಿ ಕೊಡ್ತೀನಿ. ಇನ್ನು ಮುರಿದದ್ದು ಅಂತ ಪುಸ್ತಕದಲ್ಲಿ ಕಂಡ್ರೆ ಅದನ್ನ ನಾನೇ ತಿಂತೀನಿ, ಸಕ್ಕರೆ ಕಾಯಿಲೆ ಏರಿ ಸತ್ರೂ ಪರವಾಗಿಲ್ಲ."

ಹೇಳಿ ಹೊರಗೆ ಹೋದ. ನಾಲ್ವರ ಕೆಲಸವೂ ಉಳಿದಿತ್ತು. ಭಾಗಾಕಾರ ದುಂಡಗೆ ಬರೆಯುತ್ತಿದ್ದ.

"ಅದೇನೋ ಎರಡು ಗ್ರಾಂ ಆಚೆ ಈಚೆ ಅಂದ್ರಲ್ಲ," ಅಂದಳು ಹೂರಣದಕ್ಕ, ಯಾರನ್ನೂ ನೋಡದೆ. "ಈಚೆಗೇ, ಕಮ್ಮಿ ಕಡೆಗೇ ಹೋದ್ರೆ, ಇನ್ನೂರು ಪಫ್ಫಿಗೆ ಎಷ್ಟಾಗುತ್ತೆ?"

"ನಾನೂರು ಗ್ರಾಂ."

"ನಾಲ್ಕು ಜನಕ್ಕೆ?"

ಭಾಗಾಕಾರನಿಗೆ ಕಾಗದ ಬೇಕಾಗಲಿಲ್ಲ. "ತಲಾ ನೂರು. ಶೇಷ ಇಲ್ಲ."

ಮೇಸ್ತ್ರಿ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ. "ತಂಗೀರು ಇಬ್ಬರೂ ಊರಿಗೆ ಹೋಗ್ಬೇಕಾಗುತ್ತೆ," ಅಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಅಂಥಾ ದುಃಖವೇನೂ ಕಾಣಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ದಡಬಡ ಸದ್ದು. ಯಜಮಾನ ಗಲ್ಲಾದ ಕುರ್ಚಿಯನ್ನು ತಾನೇ ಎತ್ತಿಕೊಂಡು ಬರುತ್ತಿದ್ದ. ಏದುಸಿರು ಬಿಡುತ್ತಾ ಪ್ಯಾಕಿಂಗ್ ಮೇಜಿನ ಪಕ್ಕ ಇಳಿಸಿದ.

"ತಗೋ. ನಾನು ಮಾತಿಗೆ ತಪ್ಪೋನಲ್ಲ. ಗಲ್ಲಾಕ್ಕೆ ನಾಳೆಯಿಂದ ನನ್ನ ಸೊಸೆ ಬರ್ತಾಳೆ, ಅವಳು ತಿರುಗೋ ಕುರ್ಚಿ ಕೇಳಿದಾಳೆ. ಇದು ನಿನ್ನದು."

ಭಾಗಾಕಾರ ಮೇಜಿನ ಕೆಳಗಿನಿಂದ ದಿಂಬು ತೆಗೆದ, ಧೂಳು ಕೊಡವಿದ. ಹನ್ನೊಂದು ವರ್ಷದ ಕಾಲುಗಳಿಗೆ ಮನಸ್ಸಿನಲ್ಲೇ ಸಮಾಧಾನ ಹೇಳಿ, ದಿಂಬು ಇಡಲು ಬಗ್ಗಿದ.

"ಅಯ್ಯೋ, ಮೆತ್ತಗಿನದೆಲ್ಲ ಬೇಡ ಕಣೋ," ಅಂದ ಯಜಮಾನ. ಮೇಜಿನ ಮೇಲಿದ್ದ ತೂಕದ ಯಂತ್ರ ಎತ್ತಿ ಕುರ್ಚಿಯ ನಟ್ಟ ನಡುವೆ ಇಟ್ಟ. ಕಲಸುವ ಯಂತ್ರದ ಸ್ವಿಚ್ ಒತ್ತಿದ. ಮೇಜು ಗಡಗಡ ನಡುಗಿತು, ನೆಲ ನಡುಗಿತು. ತೂಕದ ಯಂತ್ರದಲ್ಲಿ ಸೊನ್ನೆ ಕಲ್ಲಿನ ಹಾಗೆ ನಿಂತಿತ್ತು. "ಬೆಳಿಗ್ಗೆ ನೀನೇ ಹೇಳಿದ್ಯಲ್ಲ. ಇದರ ಮೇಲೆ ತೂಕ ಅಲ್ಲಾಡಲ್ಲ. ನಾಳೆಯಿಂದ ಇನ್ನೂರೂ ಇಲ್ಲೇ ತೂಗು, ಒಂದೊಂದಾಗಿ."

ಯಜಮಾನ ಕೈ ಒರೆಸಿಕೊಂಡು ಹೋದ. ಹೂರಣದಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದಳು. ಮೇಸ್ತ್ರಿ ಭಟ್ಟಿಯ ಕಡೆ ತಿರುಗಿಕೊಂಡ, ಅವನ ಬೆನ್ನು ಮಾತ್ರ ಕುಲುಕುತ್ತಿತ್ತು.

ಭಾಗಾಕಾರ ಕುರ್ಚಿಯ ಮುಂದೆ ನಿಂತ. ಕೈಯಲ್ಲಿ ದಿಂಬು. ಅದನ್ನು ಏನು ಮಾಡುವುದು ಅಂತ ಸ್ವಲ್ಪ ಹೊತ್ತು ಯೋಚಿಸಿ, ಕೆಳಗೆ ನೆಲದ ಮೇಲೆ ಹಾಕಿದ, ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿ ನಿಂತ. ಹತ್ತಿ ಒಳ್ಳೆಯದಿತ್ತು. ಹಿಮ್ಮಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನರಗಳೆಲ್ಲ ಒಂದೊಂದಾಗಿ ಅಡ್ಡಾದವು.

ಆಗಲೇ ಫೋನ್ ಬಂತು, ಹೆಂಡತಿ.

"ರೀ, ಕುರ್ಚಿ ಸಿಕ್ತಾ? ಪಕ್ಕದ ಮನೆಯೋರು ಇಲ್ಲೇ ಕಾಯ್ತಾ ಇದಾರೆ."

"ಸಿಕ್ತು ಕಣೇ. ನನ್ನದೇ ಅಂದ್ರು. ನನ್ನ ಮುಂದೇನೇ ಇದೆ."

"ಮತ್ತೆ ದಿಂಬು ಹೇಗಿದೆ?"

ಭಾಗಾಕಾರ ಕಾಲ ಬೆರಳು ಆಡಿಸಿ ನೋಡಿದ.

"ತುಂಬಾ ಮೆತ್ತಗಿದೆ," ಅಂದ.